‘ನಾನೇನು ತಪ್ಪು ಮಾಡಿದೆ?’ ಎಂದು ಅವ್ವ ಕೇಳುತ್ತಾಳೆ: ನೋವಿಗೆ ಅರ್ಥವುಂಟೆ?

ಸಿಂಧನೂರಿನ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ಮನೆಯ ಮಾತನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಮೂರು ವಾರ ಹಿಂದುಮುಂದು ನೋಡಿ, ಕೊನೆಗೆ ಬರೆಯುತ್ತಿದ್ದೇನೆ.

ನನ್ನ ಅವ್ವನಿಗೆ 62 ವರ್ಷ. ಆರು ವರ್ಷಗಳಿಂದ ಸಂಧಿವಾತ. ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗುರುತಿಸಿದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು ಎಂದು ತಿಳಿಸಿ ಹೇಳಿದರು. ಬೆಳಗಿನ ಹೊತ್ತು ಅವಳ ಬೆರಳುಗಳು ಮಡಚಿಕೊಂಡು ಬಿಗಿದಿರುತ್ತವೆ. ಬೋಗುಣಿಯಲ್ಲಿ ಬಿಸಿನೀರು ಹಾಕಿ, ಅದರಲ್ಲಿ ಅವಳ ಕೈಯನ್ನಿಟ್ಟು, ಕಿರುಬೆರಳಿನಿಂದ ಆರಂಭಿಸಿ ಒಂದೊಂದೇ ಬೆರಳನ್ನು ನಾನು ಬಿಡಿಸುತ್ತೇನೆ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಈಗ ನಾನು ಹಿಟ್ಟು ನಾದಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಅವಳು ಗೋಡೆಯ ಕಡೆಗೆ ಮುಖ ತಿರುಗಿಸುತ್ತಾಳೆ.

ಕಳೆದ ತಿಂಗಳು ಮನೆಗೆ ಪ್ರಾರ್ಥನೆಗೆಂದು ಬಂದ ಕೆಲವರು, ಈ ಮನೆಯಲ್ಲಿ ಅರಿಕೆ ಮಾಡದ ಪಾಪವೊಂದು ಉಳಿದಿದೆ, ಪೂರ್ಣ ನಂಬಿಕೆ ಇದ್ದವರಿಗೆ ಮಾತ್ರೆಯ ಹಂಗಿಲ್ಲ ಎಂದು ಹೇಳಿಹೋದರು. ಅಂದಿನಿಂದ ಅವ್ವ ಮಾತ್ರೆ ಮುಟ್ಟಿಲ್ಲ. ರಾತ್ರಿ ಸೆಕೆಗೆ ಅಂಗಳದಲ್ಲಿ ಹೊರಸು ಹಾಕಿಕೊಂಡು ಮಲಗಿದಾಗ, “ನಾನೇನು ತಪ್ಪು ಮಾಡೀನಿ, ನೀನರ ಹೇಳವ್ವ” ಎಂದು ಕೇಳುತ್ತಾಳೆ. ನೋವಿಗೆ ದೇವರಲ್ಲಿ ಅರ್ಥವಿದೆ ಎಂದು ನಾನು ಭಾನುವಾರದ ಪಾಠಶಾಲೆಯಿಂದ ಕೇಳುತ್ತ ಬಂದಿದ್ದೇನೆ. ಆ ಅರ್ಥ ಯಾವುದು? ನನಗೆ ಉಪದೇಶ ಬೇಡ, ಅವಳ ಹೊರಸಿನ ಪಕ್ಕ ಕುಳಿತು ಹೇಳಬಹುದಾದ ಮಾತು ಬೇಕು.

ಬಳ್ಳಾರಿಯ ನರ್ಸ್

ಅಕ್ಕಾ, ಅರ್ಥದ ಮಾತು ಆಮೇಲಾಗಲಿ, ಮೊದಲು ಮಾತ್ರೆಯ ಮಾತಾಡೋಣ. ಅವರು ತೆಗೆದುಕೊಳ್ಳುತ್ತಿದ್ದುದು ಮೆಥೊಟ್ರೆಕ್ಸೇಟ್ ಆಗಿದ್ದರೆ, ಅದು ನೋವು ಮರೆಸುವ ಮಾತ್ರೆಯಲ್ಲ. ಕೀಲು ಸವೆದುಹೋಗುವುದನ್ನೇ ತಡೆಯುವ ಮಾತ್ರೆ. ನಿಲ್ಲಿಸಿದ ಕೆಲವು ವಾರಗಳಲ್ಲಿ ರೋಗ ಮತ್ತೆ ಕೆರಳುತ್ತದೆ, ಒಮ್ಮೆ ಸೊಟ್ಟಗಾದ ಕೀಲು ಪ್ರಾರ್ಥನೆ ಮಾಡಿದವರು ಹೋದ ಮೇಲೆ ನೆಟ್ಟಗಾಗುವುದಿಲ್ಲ. ಇನ್ನೊಂದು ಮಾತು: ಅದು ವಾರಕ್ಕೆ ಒಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧ. ಬಿಟ್ಟುಹೋದದ್ದನ್ನು ಸರಿದೂಗಿಸುತ್ತೇವೆಂದು ದಿನವೂ ಕೊಟ್ಟರೆ ಪ್ರಾಣಕ್ಕೆ ಅಪಾಯ. ನೀವಾಗಿ ಮತ್ತೆ ಆರಂಭಿಸದೆ ಈ ವಾರವೇ ವೈದ್ಯರನ್ನು ಕಾಣಿರಿ.

ಗಂಗಾವತಿಯ ಸಭಾ ಹಿರಿಯ

ತಾಯಿ, ನಿಮ್ಮ ಅವ್ವನ ಪ್ರಶ್ನೆಯನ್ನು ಶಿಷ್ಯರೇ ಯೇಸುವಿಗೆ ಕೇಳಿದ್ದರು. ಹುಟ್ಟುಕುರುಡನನ್ನು ಕಂಡು, ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಗಳೋ ಎಂದು ಅವರು ವಿಚಾರಿಸಿದಾಗ ಕರ್ತನು ಎರಡನ್ನೂ ನಿರಾಕರಿಸಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ಭಾವಿಸುತ್ತೀರೋ ಎಂದು ಆತನೇ ಕೇಳಿ, ಅಲ್ಲವೆಂದು ಆತನೇ ಉತ್ತರ ಕೊಟ್ಟದ್ದು ಲೂಕನ 13ರಲ್ಲಿದೆ. ಮನೆಗೆ ಬಂದವರು ಶಿಷ್ಯರ ಪ್ರಶ್ನೆಯನ್ನು ಹೊತ್ತು ತಂದು, ಗುರುವಿನ ಉತ್ತರವನ್ನು ದಾರಿಯಲ್ಲಿ ಬಿಟ್ಟುಬಂದಿದ್ದಾರೆ. “ನೀನು ತಪ್ಪು ಮಾಡಿದ್ದಕ್ಕೆ ಇದು ಬಂದದ್ದಲ್ಲವ್ವ” ಎಂದು ನೀವು ಧೈರ್ಯವಾಗಿ ಹೇಳಬಹುದು.

ಕೊಪ್ಪಳದ ಯುವಕ

ಹಿರಿಯರಿಗೆ ಎದುರಾಡುತ್ತಿದ್ದೇನೆಂದು ಭಾವಿಸಬೇಡಿ. ಅದೇ ಯೋಹಾನನ 5ನೆಯ ಅಧ್ಯಾಯದಲ್ಲಿ, 38 ವರ್ಷ ರೋಗಿಯಾಗಿದ್ದವನನ್ನು ಗುಣಪಡಿಸಿದ ಮೇಲೆ, ಇನ್ನು ಪಾಪ ಮಾಡಬೇಡ, ಇದಕ್ಕಿಂತ ಹೆಚ್ಚಿನ ಕೇಡು ಬಂದೀತು ಎಂದು ಕರ್ತನು ಎಚ್ಚರಿಸಿದ್ದಾನಲ್ಲವೆ? ನಂಬಿಕೆಯ ಪ್ರಾರ್ಥನೆ ರೋಗಿಯನ್ನು ಎಬ್ಬಿಸುತ್ತದೆ ಎಂದು ಯಾಕೋಬನು ಬರೆದಿದ್ದಾನಲ್ಲವೆ? ನನಗೆ 19 ವರ್ಷವಿದ್ದಾಗ ಮೆದುಳು ಜ್ವರ ಬಂದು, ಬದುಕುವ ಆಸೆಯಿಲ್ಲವೆಂದು ಮನೆಯವರು ಕೈಚೆಲ್ಲಿದ್ದರು. ಸಭೆಯವರೆಲ್ಲ ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದರು, ನಾನು ಎದ್ದೆ. ಅದನ್ನು ನಾನು ಹೇಗೆ ಅಲ್ಲಗಳೆಯಲಿ? ಮಾತ್ರೆ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಪ್ರಾರ್ಥಿಸಿದವರನ್ನೆಲ್ಲ ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸಬಾರದು.

ಗಂಗಾವತಿಯ ಸಭಾ ಹಿರಿಯ

ತಮ್ಮಾ, ನಿನ್ನ ಸಾಕ್ಷಿಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಆಮೇಲೆ ದೇವಾಲಯದಲ್ಲಿ ಅವನನ್ನು ಕಂಡು ಆ ಮಾತನ್ನು ಆಡಿದವನು ಮನುಷ್ಯನ ಒಳಗನ್ನು ಬಲ್ಲವನು. ಅದನ್ನು ಆಡಿದ್ದು ಒಬ್ಬನಿಗೆ, ಅದೂ ಗುಣಪಡಿಸಿದ ಮೇಲೆ. ಆ ಬಲ್ಲತನ ಇಲ್ಲದ ನಾವು ಅದೇ ಮಾತನ್ನು ಕಂಡವರ ಮನೆಗೆ ಒಯ್ಯಲು ನಮಗೆ ಅಧಿಕಾರ ಎಲ್ಲಿಂದ ಬಂತು? ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನನ್ನೇ ನೋಡು. ಜೊತೆಗಾರ ತ್ರೊಫಿಮನನ್ನು ರೋಗಿಯಾಗಿಯೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು ಎಂದು ಅವನೇ ಬರೆಯುತ್ತಾನೆ. ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಸಲಹೆ ಕೊಡುತ್ತಾನೆ. ತನ್ನ ಮೈಯಲ್ಲಿ ನಾಟಿದ್ದ ಶೂಲದಂಥ ಬಾಧೆ ತೊಲಗಲಿ ಎಂದು ಮೂರು ಸಾರಿ ಬೇಡಿಕೊಂಡಾಗ ಅವನಿಗೆ ದೊರೆತದ್ದು, “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಮಾತು. ಪೌಲನಿಗೆ ನಂಬಿಕೆ ಸಾಲಲಿಲ್ಲ ಎಂದು ಹೇಳುವ ಎದೆ ನಮ್ಮಲ್ಲಿ ಯಾರಿಗಿದೆ?

ಬಳ್ಳಾರಿ ಧರ್ಮಪ್ರಾಂತ್ಯದ ಉಪದೇಶಿ

ಔಷಧದ ವಿಷಯಕ್ಕೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನೂ ನೋಡಬೇಕು. ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದವನು ದೇವರು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವನೂ ದೇವರೇ ಎಂದು ಅಲ್ಲಿ ಸ್ಪಷ್ಟವಾಗಿದೆ.

ರಾಯಚೂರಿನ ಮೆಥೊಡಿಸ್ಟ್

ಸಿರಾಖನ ಗ್ರಂಥ ನಿಮ್ಮ ಕಥೋಲಿಕ ಬೈಬಲಿನಲ್ಲಿದೆ, ಪ್ರೊಟೆಸ್ಟಂಟರಾದ ನಮ್ಮ ಬೈಬಲಿನಲ್ಲಿ ಇಲ್ಲ, ಉಪದೇಶಿಗಳೇ. ಶಿಕ್ಷಕಿಯವರ ಮನೆಯಲ್ಲಿ ಯಾವ ಬೈಬಲ್ ಇದೆಯೋ ತಿಳಿಯದು. ಎರಡೂ ಕಡೆ ಇರುವ ಉದಾಹರಣೆ ಬೇಕಿದ್ದರೆ ಎರಡನೆಯ ಅರಸುಗಳ 20ನೆಯ ಅಧ್ಯಾಯವಿದೆ. ಅರಸ ಹಿಜ್ಕೀಯನು ಸಾಯುವ ಸ್ಥಿತಿಯಲ್ಲಿದ್ದಾಗ ದೇವರು ಅವನ ಪ್ರಾರ್ಥನೆಯನ್ನು ಕೇಳಿದನು. ಆದರೂ ಪ್ರವಾದಿ ಯೆಶಾಯನು ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು. ಪ್ರಾರ್ಥನೆ ಮತ್ತು ಮದ್ದು ಒಂದೇ ಕೋಣೆಯಲ್ಲಿದ್ದವು.

ಬಳ್ಳಾರಿ ಧರ್ಮಪ್ರಾಂತ್ಯದ ಉಪದೇಶಿ

ಒಳ್ಳೆಯ ಉದಾಹರಣೆ, ಒಪ್ಪಿದೆ. ಈಗ ಅರ್ಥದ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಪೋಪ್ ಎರಡನೆಯ ಜಾನ್ ಪಾಲ್ ಅವರು 1984ರ ಫೆಬ್ರುವರಿ 11ರಂದು ಮನುಷ್ಯನ ನೋವಿನ ಕುರಿತಾಗಿಯೇ ಒಂದು ಪತ್ರವನ್ನು ಹೊರಡಿಸಿದರು. 1981ರ ಮೇ 13ರಂದು ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿ ಎದ್ದ ಮನುಷ್ಯ ಬರೆದ ಪತ್ರ ಅದು ಎಂಬುದನ್ನು ಮರೆತು ಅದನ್ನು ಓದಲು ನನಗಾಗುವುದಿಲ್ಲ. ಎಲ್ಲ ನೋವೂ ಪಾಪದ ದಂಡನೆಯಲ್ಲ ಎಂಬುದನ್ನು ಅವರು, ತಪ್ಪು ಮಾಡದೆಯೇ ಎಲ್ಲವನ್ನೂ ಕಳೆದುಕೊಂಡು ನೋವುಂಡ ಯೋಬನ ಕಥೆಯಿಂದಲೇ ತೋರಿಸುತ್ತಾರೆ. ನೋವುಂಡವನು ತನ್ನ ನೋವನ್ನು ಕ್ರಿಸ್ತನ ನೋವಿನ ಜೊತೆಗೆ ಇಟ್ಟು ಇತರರಿಗಾಗಿ ಒಪ್ಪಿಸಬಹುದು ಎಂದು ಹೇಳುತ್ತಾರೆ. ಕೊನೆಗೆ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದ ಅಪರಿಚಿತನನ್ನು ಆರೈಕೆ ಮಾಡಿದ ಒಳ್ಳೆಯ ಸಮಾರ್ಯದವನ ಕಥೆಗೆ ಬಂದು, ನೋಡುವವರ ಎದೆಯಿಂದ ಪ್ರೀತಿಯನ್ನು ಹೊರಗೆ ಕರೆಯುವುದಕ್ಕೂ ನೋವು ಈ ಲೋಕದಲ್ಲಿದೆ ಎನ್ನುತ್ತಾರೆ. 1993ರಿಂದ ಪ್ರತಿವರ್ಷ ಅದೇ ಫೆಬ್ರುವರಿ 11ನ್ನು ರೋಗಿಗಳ ದಿನವಾಗಿ ನಮ್ಮ ಧರ್ಮಸಭೆ ಆಚರಿಸುತ್ತಿದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ. ಎಣ್ಣೆ ಹಚ್ಚಲು ಫಾದರ್ ಬಂದರೆ ರೋಗಿಯ ಕಥೆ ಮುಗಿಯಿತು ಎಂದು ಮನೆಯವರು ಅಳಲು ಆರಂಭಿಸುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯೇ ಅದು ಸಾಯುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ತಿಳಿಸಿದೆ. ದೀರ್ಘಕಾಲದ ರೋಗಿಗಳೂ ಅದನ್ನು ಪಡೆಯಬಹುದು. ಶಿಕ್ಷಕಿಯವರು ನಮ್ಮವರೇ ಆಗಿದ್ದರೆ ಅವ್ವನಿಗೆ ಈ ಅಭ್ಯಂಗವನ್ನು ಕೊಡಿಸಲಿ.

ರಾಯಚೂರಿನ ಮೆಥೊಡಿಸ್ಟ್

ಇಲ್ಲಿ ನನಗೊಂದು ತಕರಾರಿದೆ. ಕ್ರಿಸ್ತನ ಶಿಲುಬೆಯಲ್ಲಿ ಏನೂ ಕಡಿಮೆಯಾಗಿಲ್ಲ. ಒಂದೇ ಸಾರಿ, ಎಲ್ಲರಿಗಾಗಿ, ಎಂದೆಂದಿಗೂ ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಸಿಂಧನೂರಿನ ಒಬ್ಬ ತಾಯಿಯ ಬೆರಳಿನ ನೋವನ್ನು ಅದಕ್ಕೆ ಸೇರಿಸಬೇಕು ಎಂದರೆ ಆಕೆಗೆ ಇನ್ನೊಂದು ಹೊರೆ ಹೊರಿಸಿದಂತಾಗುವುದಿಲ್ಲವೆ? ನೋವು ಉಣ್ಣುವುದೇ ಪುಣ್ಯ ಎಂಬ ಮಾತನ್ನು ಹಿಡಿದು ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸಿಲ್ಲ? ಕುಡಿದು ಹೊಡೆಯುವ ಗಂಡನನ್ನು ನಿನ್ನ ಶಿಲುಬೆ ಎಂದುಕೊಂಡು ಹೊತ್ತುಕೋ ಎಂದು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕ್ರಿಸ್ತನು ಶಿಲುಬೆಯನ್ನು ತಾನಾಗಿ ಹೊತ್ತನು. ಮತ್ತೊಬ್ಬರ ಹೆಗಲಿಗೆ ಅದನ್ನು ಏರಿಸಿದವರು ರೋಮಿನ ಸಿಪಾಯಿಗಳು.

ಬಳ್ಳಾರಿ ಧರ್ಮಪ್ರಾಂತ್ಯದ ಉಪದೇಶಿ

ನಿಮ್ಮ ಕೊನೆಯ ಮಾತಿಗೆ ನಾನು ತಲೆಬಾಗುತ್ತೇನೆ. ಹೊಡೆತವನ್ನು ಸಹಿಸಿಕೋ ಎಂದು ಹೇಳುವುದು ನಮ್ಮ ಬೋಧನೆಯಲ್ಲ, ಹಾಗೆ ಹೇಳಿದವರು ಉತ್ತರ ಕೊಡಬೇಕಾದೀತು. ಮೊದಲ ಮಾತಿನ ಬಗ್ಗೆ ಹೇಳುವುದಾದರೆ, ಕ್ರಿಸ್ತನ ರಕ್ಷಣೆ ಪೂರ್ಣವಾದದ್ದು ಎಂದು ಆ ಪತ್ರವೂ ಹೇಳುತ್ತದೆ. ಪ್ರೀತಿಯಿಂದ ಬಂದ ಪಾಲನ್ನು ಆತನು ಬೇಡವೆನ್ನುವುದಿಲ್ಲ ಎಂಬಷ್ಟೇ ಅದರ ಅಭಿಪ್ರಾಯ. ಕ್ರಿಸ್ತನ ಸಂಕಟಗಳಲ್ಲಿ ಉಳಿದದ್ದನ್ನು ನನ್ನ ದೇಹದಲ್ಲಿ ತೀರಿಸುತ್ತೇನೆ ಎಂದು ಕೊಲೊಸ್ಸೆಯರಿಗೆ ಬರೆದ ಪತ್ರದ 1:24ರಲ್ಲಿ ಪೌಲನು ಹೇಳಿದ್ದು ಅವನ ಸ್ವಂತ ನೋವಿನ ವಿಷಯ, ಅದನ್ನು ನಾವೂ ಒಪ್ಪಿಕೊಳ್ಳೋಣ. ಅರ್ಪಿಸುವವರು ಅವ್ವನವರೇ ಆಗಿರಬೇಕು. ಅವರ ಪರವಾಗಿ ನಾನಾಗಲಿ ನೀವಾಗಲಿ ಅರ್ಪಿಸಲು ಬರುವುದಿಲ್ಲ.

ಬಳ್ಳಾರಿಯ ಭಾಷಾಸಕ್ತ

ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ಪೌಲನ ನೋವಿಗೆ ಕನ್ನಡದಲ್ಲಿ ‘ಶೂಲ’ ಎಂಬ ಮಾತು ಬಂದಿರುವುದು ಎಷ್ಟು ಹೊಂದಿಕೊಂಡಿದೆ ನೋಡಿ. ಮೂಲ ಗ್ರೀಕ್ ಪದಕ್ಕೆ ಮುಳ್ಳು ಎಂಬ ಅರ್ಥವೂ ಇದೆ, ಮೊನೆಯಾದ ಗೂಟ ಎಂಬ ಅರ್ಥವೂ ಇದೆ. ನಮ್ಮಲ್ಲಿ ಶೂಲವೆಂದರೆ ಆಯುಧವೂ ಹೌದು, ತಲೆಶೂಲೆ ಹೊಟ್ಟೆಶೂಲೆ ಎನ್ನುವಾಗ ತಾಳಲಾಗದ ನೋವೂ ಹೌದು. ಬೈಬಲನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ಕೈಗೂಡಿದ್ದು ನಮ್ಮ ಊರಿನಲ್ಲಿಯೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ ಕನ್ನಡ ಕಲಿತರು, 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಬೇರೆ ಪಂಡಿತರು ಅದನ್ನು ಪರಿಷ್ಕರಿಸಿದ್ದಾರೆ.

ಸಂಡೂರಿನ ಫಿಸಿಯೊಥೆರಪಿಸ್ಟ್

ನೋವಿಗೂ ಒಂದು ಕೆಲಸವಿದೆ ಎಂಬುದನ್ನು ಕ್ರೈಸ್ತ ವೈದ್ಯರೊಬ್ಬರಿಂದಲೇ ನಾನು ಕಲಿತೆ. 1914ರಲ್ಲಿ ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್, 1946ರಲ್ಲಿ ವೆಲ್ಲೂರಿಗೆ ಬಂದು, ಮುಂದೆ ಅಲ್ಲಿ ಕುಷ್ಠರೋಗಿಗಳ ಮಡಚಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಕುಷ್ಠರೋಗ ಬೆರಳುಗಳನ್ನು ತಾನೇ ಕೊಳೆಯಿಸುತ್ತದೆ ಎಂದು ಅಂದಿನವರು ನಂಬಿದ್ದರು. ರೋಗವು ನರಗಳನ್ನು ಕೆಡಿಸಿ ನೋವನ್ನು ಕೊಲ್ಲುತ್ತದೆ, ನೋವಿಲ್ಲದ ಕೈ ಸುಟ್ಟುಕೊಂಡು, ಕುಯ್ದುಕೊಂಡು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು. ರಾತ್ರಿ ಇಲಿ ಬೆರಳು ಕಡಿದರೂ ಮಲಗಿದವನಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಅವರು ನೋವನ್ನು ದೇವರ ವರ ಎಂದು ಕರೆಯುತ್ತಿದ್ದರು.

ಸಿಂಧನೂರಿನ ಶಿಕ್ಷಕಿ

ಇದನ್ನು ಓದಿ ನನಗೆ ಹೊಸದೊಂದು ತಿಳಿಯಿತು, ಆದರೆ ಸಮಾಧಾನವಾಗಲಿಲ್ಲ. ಬೆಂಕಿಯಿಂದ ಕೈ ಹಿಂದಕ್ಕೆ ಎಳೆಸುವ ನೋವು ವರವಾಗಿರಬಹುದು. ಅವ್ವನ ನೋವು ಯಾವ ಬೆಂಕಿಯ ಸುದ್ದಿಯನ್ನೂ ತರುವುದಿಲ್ಲ. ಆರು ವರ್ಷಗಳಿಂದ ಅದು ಕೂಗುತ್ತಲೇ ಇದೆ.

ಬಳ್ಳಾರಿಯ ನರ್ಸ್

ಅಕ್ಕ ಹೇಳಿದ್ದು ಸರಿ. ಎಚ್ಚರಿಸುವ ನೋವು ಬೇರೆ, ತಾನೇ ರೋಗವಾಗಿ ಉಳಿದ ನೋವು ಬೇರೆ. ಎರಡನೆಯದನ್ನು ತಗ್ಗಿಸುವುದು ನಮ್ಮ ಕರ್ತವ್ಯ. 1967ರಲ್ಲಿ ಲಂಡನ್ನಿನಲ್ಲಿ ಸಾವಿನ ಹೊಸ್ತಿಲಲ್ಲಿರುವ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೊಫರ್ಸ್ ಆಶ್ರಯಧಾಮವನ್ನು ತೆರೆದ ಸಿಸೆಲಿ ಸಾಂಡರ್ಸ್ ನನಗೆ ಗುರುವಿನಂತೆ. ಅವರು ನರ್ಸ್ ಆಗಿದ್ದವರು, ಆಮೇಲೆ ವೈದ್ಯರಾದವರು, ಆಳವಾದ ಕ್ರೈಸ್ತ ವಿಶ್ವಾಸದವರು. ರೋಗಿಯ ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ನೋವಾಗಿರುತ್ತದೆ ಎಂದು ಅವರು ಹೇಳುತ್ತಿದ್ದರು. ಮಾರ್ಫಿನ್ ಅನ್ನು ನೋವು ಕೆರಳಿದ ಮೇಲೆ ಕೊಡುವ ಬದಲು ಹೊತ್ತು ಹೊತ್ತಿಗೆ ಕೊಟ್ಟು ನೋವು ತಲೆಯೆತ್ತದಂತೆ ನೋಡಿಕೊಂಡರು. ನೋವಿಗೆ ಅರ್ಥವಿದೆ ಎಂದು ನಂಬಿದ್ದವರೇ ಅದನ್ನು ತಗ್ಗಿಸಲು ಜೀವಮಾನವಿಡೀ ದುಡಿದರು. ನಿಮ್ಮ ಅವ್ವನವರಿಗೆ ಈಗ ಕೀಲಿನ ನೋವಿನ ಜೊತೆಗೆ ‘ನಾನು ಪಾಪಿ’ ಎಂಬ ನೋವನ್ನೂ ಸೇರಿಸಿದ್ದಾರೆ. ಅದನ್ನು ನಾನು ಕ್ಷಮಿಸಲಾರೆ.

ಮಾನ್ವಿಯ ಓದುಗ

ನಾನು ಕ್ರೈಸ್ತನಲ್ಲ, ದಾಸಸಾಹಿತ್ಯ ಓದಿಕೊಂಡು ಬೆಳೆದವನು. ಮಾತಾಡಲು ಅನುಮತಿಯಿದೆ ಎಂದು ಭಾವಿಸುತ್ತೇನೆ. ನಮ್ಮ ಮಾನ್ವಿಯ ಜಗನ್ನಾಥದಾಸರಿಗೆ ಹೊಟ್ಟೆಶೂಲೆ ಬಂದದ್ದು ವಿಜಯದಾಸರನ್ನು ಕಡೆಗಣಿಸಿದ್ದರಿಂದ ಎಂಬ ಕಥೆಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಕಥೆಯ ಈ ಭಾಗವನ್ನು ಹಿಡಿದುಕೊಂಡೇ ನಮ್ಮಲ್ಲಿಯೂ ರೋಗಿಗಳಿಗೆ, ಯಾವ ಜನ್ಮದ ಕರ್ಮವೋ ಎನ್ನುತ್ತಾರೆ. ಆದರೆ ಅದೇ ಕಥೆಯಲ್ಲಿ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಎಂಬ ಭಾಗವೂ ಇದೆ. ನನಗೆ ಉಳಿದದ್ದು ಆ 40 ವರ್ಷ.

ನಿಮ್ಮ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಜಾಗವಿದೆ. ಶಿಲುಬೆಯ ಮೇಲೆ ಯೇಸು, “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ” ಎಂದು ಕೂಗುತ್ತಾನೆ. ದೇವರ ಮಗನೆಂದು ನೀವು ಪೂಜಿಸುವವನೇ ‘ಯಾಕೆ’ ಎಂದು ಕೇಳಿದ್ದರೆ, ಆ ತಾಯಿ ಕೇಳುವುದರಲ್ಲಿ ಯಾವ ಅವಿಶ್ವಾಸವಿದೆ?

ಗಂಗಾವತಿಯ ಸಭಾ ಹಿರಿಯ

ಮಾನ್ವಿಯವರೇ, ನಮ್ಮವರು ಮರೆತದ್ದನ್ನು ನೀವು ನೆನಪಿಸಿದಿರಿ. ಆ ಕೂಗು 22ನೆಯ ಕೀರ್ತನೆಯ ಮೊದಲ ಸಾಲು. ಅಂಥ ಕೂಗುಗಳಿಗಾಗಿಯೇ ಕೀರ್ತನೆಗಳಲ್ಲಿ ಜಾಗ ಇಟ್ಟಿದ್ದಾರೆ. ಹಿಟ್ಲರನನ್ನು ವಿರೋಧಿಸಿದ ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ 1944ರ ಜುಲೈ ತಿಂಗಳಲ್ಲಿ ಸೆರೆಮನೆಯಿಂದ ಬರೆದ ಪತ್ರವೊಂದರಲ್ಲಿ, ನೋವುಣ್ಣುವ ದೇವರು ಮಾತ್ರ ನಮಗೆ ಸಹಾಯ ಮಾಡಬಲ್ಲನು ಎಂದಿದ್ದಾನೆ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ಹಟ್ಟಿಯ ನಿವೃತ್ತ ಕಾರ್ಮಿಕ

ನಾನು ಹೆಚ್ಚು ಓದಿದವನಲ್ಲ. 31 ವರ್ಷ ಚಿನ್ನದ ಗಣಿಯಲ್ಲಿ ನೆಲದ ಕೆಳಗೆ ದುಡಿದವನು. ಹತ್ತು ವರ್ಷದ ಹಿಂದೆ ನನ್ನ ಕಿರಿಯ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಮಣ್ಣು ಮಾಡಿ ಬಂದ ದಿನದಿಂದ ಜನ ಬರುತ್ತಲೇ ಇದ್ದರು. ಒಬ್ಬರು, ದೇವರಿಗೆ ಒಳ್ಳೆಯ ಹೂವು ಬೇಕಿತ್ತು, ಕಿತ್ತುಕೊಂಡ ಎಂದರು. ಇನ್ನೊಬ್ಬರು, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕಾಗಿಯೇ ಎಂದು ರೋಮಾಪುರದವರಿಗೆ ಬರೆದ ಪತ್ರದ ವಚನ ಓದಿದರು. ವಚನ ಸತ್ಯವಾದದ್ದೇ. ಆದರೆ ನನ್ನ ಹೆಂಡತಿ ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಜೊತೆ ಒಂದೇ ಪಾಳಿಯಲ್ಲಿ ಇಳಿಯುತ್ತಿದ್ದ ಗೆಳೆಯನೊಬ್ಬನಿದ್ದ, ಮುಸಲ್ಮಾನ. ಸ್ಟೀಲಿನ ಕ್ಯಾನಿನಲ್ಲಿ ಚಹಾ ತಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತಿದ್ದ. ಲೋಟಕ್ಕೆ ಹಾಕಿ ನನ್ನ ಕೈಗೆ ಕೊಡುತ್ತಿದ್ದ. ನಾನು ಕುಡಿಯದೆ ಆರಿದರೆ ಚೆಲ್ಲಿ ಮತ್ತೆ ಹಾಕುತ್ತಿದ್ದ. ಮೂರು ದಿನ ಹಾಗೆಯೇ ಮಾಡಿದ, ಒಂದು ಮಾತನ್ನೂ ಆಡಲಿಲ್ಲ. ಆಮೇಲೆ ಯೋಬನ ಗ್ರಂಥ ಓದುವಾಗ, ಅವನ ಸ್ನೇಹಿತರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನೊಂದಿಗೆ ಮೌನವಾಗಿ ಕುಳಿತಿದ್ದರು ಎಂಬಲ್ಲಿಗೆ ಬಂದಾಗ ನನಗೆ ಆ ಚಹಾ ನೆನಪಾಯಿತು. ಎಲೀಫಜ, ಬಿಲ್ದದ, ಚೋಫರ ಆ ಏಳು ದಿನ ಸರಿಯಾಗಿಯೇ ಇದ್ದರು. ಬಾಯಿ ತೆರೆದ ಮೇಲೆ ಕೆಟ್ಟರು. ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ಬಂದದ್ದು ಅವರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ.

ಮಗ ಹೋದದ್ದಕ್ಕೆ ಅರ್ಥ ಸಿಕ್ಕಿತೇ ಎಂದು ಯಾರಾದರೂ ಕೇಳಿದರೆ, ಸಿಕ್ಕಿಲ್ಲ ಎನ್ನುತ್ತೇನೆ. ಆದರೆ ಈಗ ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ನಾನು ಹೋಗಿ ಕೂರುತ್ತೇನೆ. ಮೊದಲು ಹೋಗುತ್ತಿರಲಿಲ್ಲ, ಹೆದರುತ್ತಿದ್ದೆ.

ಕೊಪ್ಪಳದ ಯುವಕ

ಅಣ್ಣನವರ ಮಾತು ಓದಿದ ಮೇಲೆ ನನ್ನ ಮೊದಲ ಬರಹವನ್ನು ಮತ್ತೆ ಓದಿಕೊಂಡೆ. ನನ್ನ ಸಾಕ್ಷಿಯನ್ನು ಎಲ್ಲರ ಮುಂದೆಯೂ ಹೇಳುತ್ತ ಬಂದಿದ್ದೇನೆ. ನಾನಿದ್ದ ವಾರ್ಡಿನಲ್ಲಿಯೇ ಪಕ್ಕದ ಹಾಸಿಗೆಯ ಹುಡುಗ ತೀರಿಕೊಂಡ. ಅವನ ತಾಯಿಯೂ ಪ್ರಾರ್ಥಿಸುತ್ತಿದ್ದಳು. ಆ ತಾಯಿ ನನ್ನ ಸಾಕ್ಷಿಯನ್ನು ಕೇಳಿದರೆ ಏನಾಗುತ್ತದೆ ಎಂದು ಇಷ್ಟು ವರ್ಷ ಯೋಚಿಸಿರಲಿಲ್ಲ.

ರಾಯಚೂರಿನ ಮೆಥೊಡಿಸ್ಟ್

ಸಾಕ್ಷಿ ಹೇಳುವುದನ್ನು ಬಿಡಬೇಡ, ತಮ್ಮಾ. ಆ ಹುಡುಗನನ್ನೂ ಅದರಲ್ಲಿ ಸೇರಿಸಿ ಹೇಳು.

ಸಿಂಧನೂರಿನ ಶಿಕ್ಷಕಿ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ವೈದ್ಯರನ್ನು ಕಂಡೆವು. ರಕ್ತಪರೀಕ್ಷೆಯಾದ ಮೇಲೆ ಮಾತ್ರೆಯನ್ನು ಮತ್ತೆ ಆರಂಭಿಸಿದ್ದಾರೆ. ವಾರದ ಮಾತ್ರೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡಿದ್ದೇನೆ.

ಹಿರಿಯರು ಹೇಳಿದಂತೆ ಯೋಹಾನನ 9ನೆಯ ಅಧ್ಯಾಯವನ್ನು ಓದಿದೆ. ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂಬ ಮಾತು ಬಂದಾಗ ಅವ್ವ ಅದನ್ನು ಇನ್ನೊಮ್ಮೆ ಓದಿಸಿದಳು, ಆಮೇಲೆ ಮತ್ತೊಮ್ಮೆ. ನೋವು ಕಡಿಮೆಯಾಗಲಿಲ್ಲ, ಆದರೆ ಅಂದು ರಾತ್ರಿ ಅವಳು ಆ ಪ್ರಶ್ನೆಯನ್ನು ಕೇಳಲಿಲ್ಲ. ಹಟ್ಟಿಯ ಅಣ್ಣನವರ ಮಾತನ್ನು ನೆನೆದು ನಾನೂ ಹೆಚ್ಚು ಮಾತಾಡದೆ ಪಕ್ಕದಲ್ಲಿ ಕೂರುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಬೋಗುಣಿಯಲ್ಲಿ ಅವಳ ಬೆರಳು ಬಿಡಿಸುತ್ತಿದ್ದಾಗ, ಹಿಂದಿನ ರಾತ್ರಿ ಓದಿದ್ದ ಯೋಹಾನನ 20ನೆಯ ಅಧ್ಯಾಯದ ಮಾತೆತ್ತಿದಳು. ಸತ್ತು ಎದ್ದುಬಂದ ಯೇಸು, ನಂಬದ ಶಿಷ್ಯ ತೋಮನಿಗೆ ಮೊಳೆಯ ಗಾಯದ ಕೈ ತೋರಿಸುವ ಭಾಗ ಅದು. “ಎದ್ದು ಬಂದ ಮ್ಯಾಲೂ ಗಾಯ ಹಂಗಽ ಇದ್ವೇನವ್ವಾ?” ಎಂದು ಕೇಳಿದಳು. ಹೌದವ್ವ, ಹಾಗೆಯೇ ಇದ್ದವು ಎಂದೆ. ನೀರಿನಿಂದ ಕೈ ಹೊರಗೆ ತೆಗೆದು, ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿಕೊಂಡಳು. ಏನನ್ನು ಕಂಡಳೋ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಒಲೆಯ ಮುಂದೆ ಮಣೆ ಹಾಕಿಸಿಕೊಂಡು ಕುಳಿತು, ನಾನು ಬಡಿಯುವ ರೊಟ್ಟಿಯ ಅಂಚು ದಪ್ಪವಾಗಿದೆ ಎಂದು ತಿದ್ದಿದಳು.

ಬಳ್ಳಾರಿಯ ನರ್ಸ್

ತುಂಬ ಸಂತೋಷವಾಯಿತು ಅಕ್ಕಾ. ಲಿವರ್ ಪರೀಕ್ಷೆಯನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಮಾಡಿಸಿ. ಅದನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.